ಬೆಳ್ಳಿಯ ಡಬ್ಬಿ, ಒಂದು

ನನ್ನ ಅಕ್ಷರ ಚೆನ್ನಾಗಿತ್ತು. ಇದನ್ನು ನಾನೇ ಹೇಳಿಕೊಳ್ಳಬೇಕು, ಯಾಕೆಂದರೆ ಹೊಗಳುತ್ತಿದ್ದವರು ಈಗ ಒಬ್ಬರೂ ಉಳಿದಿಲ್ಲ. ನಿಜಾಮರ ಕಾಲದಲ್ಲಿ ಕಲಬುರಗಿಯ ಅದಾಲತ್ತಿನ ಎದುರಿಗೆ ಒಂದು ದೊಡ್ಡ ಬೇವಿನ ಮರವಿತ್ತು. ಅದರ ಕೆಳಗೆ ಚಾಪೆ ಹಾಸಿಕೊಂಡು, ಮುಂದೊಂದು ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಡುವುದು ನನ್ನ ಉದ್ಯೋಗ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಕಾಗದದ ಮೇಲೆ ಉರ್ದು. ಸರಕಾರದ ಭಾಷೆ ಉರ್ದು ಆಗಿತ್ತು, ಜನರ ಗೋಳೆಲ್ಲ ಕನ್ನಡದಲ್ಲಿತ್ತು. ನಡುವೆ ಕೂತು ನಾನು ಹೊಟ್ಟೆ ಹೊರೆಯುತ್ತಿದ್ದೆ.

ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತಿತ್ತು. ಜನ ಬಂದು ಕೂತರೆ ಮುತ್ತಜ್ಜನ ಕಾಲದಿಂದ ಕಥೆ ಶುರು ಮಾಡುತ್ತಿದ್ದರು. ನಾನು ಎರಡನೆಯ ಮಾತಿಗೇ ತಡೆದು, "ನಿಮಗೇನು ಬೇಕು, ಅದನ್ನಷ್ಟ ಹೇಳ್ರಿ" ಎನ್ನುತ್ತಿದ್ದೆ. ಎಷ್ಟೋ ಜನರಿಗೆ ತಮಗೇನು ಬೇಕೆಂದು ಒಂದೇ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. ಅದಕ್ಕೇ ಆ ಹೆಂಗಸು ನನಗೆ ಮೊದಲ ದಿನವೇ ಹಿಡಿಸಿದಳು.

ಬೇಸಿಗೆ ಮುಗಿಯುವ ಹೊತ್ತು. ಹತ್ತಿ ತರುವ ಚಕ್ಕಡಿಯೊಂದರಲ್ಲಿ ಕೂತು ಕಮಲಾಪುರದಿಂದ ಬಂದಿದ್ದಳು. ನಲವತ್ತು ದಾಟಿದ ವಯಸ್ಸು, ಬರಿಗೈ, ಬರಿಯ ಹಣೆ. ಗಂಡ ಇಲ್ಲವೆಂದು ನೋಡಿದರೇ ಗೊತ್ತಾಗುತ್ತಿತ್ತು. ಚಾಪೆಯ ಅಂಚಿನಲ್ಲಿ ಕೂತಳು.

"ರಾಯರ, ಒಂದು ಅರ್ಜಿ ಬರದು ಕೊಡ್ತೀರೇನ್ರಿ?"

"ಏನು ಬೇಕು?"

"ನನ್ನ ತ್ವಾಟ ನನಗ ಬೇಕ್ರಿ."

ಅಷ್ಟೇ. ಉಳಿದದ್ದನ್ನು ನಾನೇ ಕೇಳಿ ಕೇಳಿ ತಿಳಿದುಕೊಂಡೆ. ಕಮಲಾಪುರದ ಹೊರಗೆ ಒಂದು ತುಂಡು ಬಾಳೆಯ ತೋಟ, ಅದರಲ್ಲೊಂದು ಬಾವಿ. ಆ ಊರಿನ ಕೆಂಪು ಬಾಳೆಯ ರುಚಿ ನಿಮಗೆ ಗೊತ್ತಿದ್ದರೆ ಆ ತುಂಡು ನೆಲದ ಬೆಲೆಯೂ ಗೊತ್ತಾಗುತ್ತದೆ. ತಂದೆ ಅದನ್ನು ಆಕೆಯ ಮದುವೆಯಲ್ಲಿ ಉಡಿಗೆ ಹಾಕಿ ಕೊಟ್ಟಿದ್ದ. ಗಂಡ ತೀರಿದ ಮೇಲೆ ಮೈದುನ ಅದಕ್ಕೆ ಬೇಲಿ ಹಾಕಿ, ಕಾಗದದಲ್ಲಿ ತನ್ನ ಹೆಸರು ಏರಿಸಿಕೊಂಡಿದ್ದ. ಈಕೆ ಈಗ ಯಾರದೋ ದನದ ಕೊಟ್ಟಿಗೆಯ ಮೂಲೆಯಲ್ಲಿದ್ದು, ಮಂದಿಯ ಜೋಳ ಬೀಸಿ ಹೊಟ್ಟೆ ತುಂಬಿಕೊಳ್ಳುತ್ತಿದ್ದಳು. ತೋಟ ಬಂದರೆ ತನ್ನ ಮನೆ, ಬರದಿದ್ದರೆ ಸಾಯುವ ತನಕ ಮಂದಿಯ ಮನೆ.

ನಾನು ಆಕೆಗೆ ಸ್ಟಾಂಪಿನ ವಿಷಯ ಹೇಳಿದೆ. ಅದಾಲತ್ತಿನಲ್ಲಿ ದಾವೆ ಹೂಡಬೇಕಾದರೆ ಕೇಳುವ ಆಸ್ತಿಯ ಬೆಲೆಗೆ ತಕ್ಕಂತೆ ಸ್ಟಾಂಪು ಹಚ್ಚಬೇಕು. ತೋಟ ಚೆಂದವಿದ್ದಷ್ಟೂ ಸ್ಟಾಂಪು ದುಬಾರಿ. ಲೆಕ್ಕ ಹಾಕಿ ಹೇಳಿದಾಗ ಆಕೆ ನನ್ನ ಮುಖವನ್ನೇ ನೋಡಿದಳು.

"ಅಷ್ಟು ರೊಕ್ಕ ಇದ್ದಿದ್ರ ನಾ ಯಾಕ ರಾಯರ ನಿಮ್ಮ ಚಾಪಿ ಮ್ಯಾಲ ಕುಂದರ್ತಿದ್ದೆ?"

ನನಗೆ ನಗು ಬಂತು. ಇದಕ್ಕೊಂದು ದಾರಿ ಇತ್ತು. ಕೈಯಲ್ಲಿ ಏನೂ ಇಲ್ಲದವರು 'ನಾನು ಮುಫ್ಲಿಸ್' ಎಂದು ಸಾದಾ ಕಾಗದದ ಮೇಲೆ ಅರ್ಜಿ ಕೊಟ್ಟರೆ, ಅದಾಲತ್ತು ವಿಚಾರಣೆ ಮಾಡಿ ಸ್ಟಾಂಪು ಮಾಫಿ ಮಾಡುತ್ತಿತ್ತು. ಅಂಥ ಅರ್ಜಿಗಳನ್ನು ನಾನು ಬಹಳ ಬರೆದಿರಲಿಲ್ಲ. ಬಡವರೇನೋ ಬೇಕಾದಷ್ಟು ಇದ್ದರು, ಆದರೆ ಮುಫ್ಲಿಸ್ ಎನ್ನುವುದು ನಮ್ಮ ಬಜಾರಿನಲ್ಲಿ ಜಗಳ ಆಡುವಾಗ ಒಬ್ಬರ ಮೇಲೊಬ್ಬರು ಎಸೆಯುವ ಬೈಗುಳ. ಅದನ್ನು ತನ್ನ ಬಾಯಿಂದ ತನಗೇ ಹೇಳಿಕೊಳ್ಳಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ.

"ಮುಫ್ಲಿಸ್ ಅಂದ್ರ?" ಎಂದಳು.

"ಏನೂ ಇಲ್ಲದಾಕಿ."

"ಎಲ್ಲಾರ ಮುಂದ ಅನ್ಬೇಕೇನ್ರಿ?"

"ಸಾಹೇಬರ ಮುಂದ, ಹಲಫ್ ಮಾಡಿ, ಆಣಿ ಇಟ್ಟು ಅನ್ಬೇಕು."

ಸೆರಗು ಸರಿಯಾಗಿ ಹೊದ್ದುಕೊಂಡಳು. ಆಮೇಲೆ, "ಅಂತೀನ್ರಿ. ತ್ವಾಟದ ಸಲುವಾಗಿ ಅಂತೀನಿ" ಎಂದಳು.

ಅರ್ಜಿಯ ಜೊತೆಗೆ ಒಂದು ಪಟ್ಟಿ ಕೊಡಬೇಕಿತ್ತು. ಮೈಮೇಲಿನ ಬಟ್ಟೆ, ದಾವೆಯ ತೋಟ ಎರಡನ್ನೂ ಬಿಟ್ಟು ಉಳಿದ ಆಸ್ತಿಯೆಲ್ಲ ಅದರಲ್ಲಿ ಬರಬೇಕು. ಬಚ್ಚಿಟ್ಟದ್ದು ಸಿಕ್ಕರೆ ಅರ್ಜಿಯೇ ವಜಾ. ನಾನು ಇದನ್ನು ಗದರಿಸಿಯೇ ಹೇಳಿದೆ. ಆಕೆ ಹೂಂ ಎಂದು ಒಂದೊಂದಾಗಿ ಹೇಳತೊಡಗಿದಳು. ಬೀಸುವ ಕಲ್ಲು. ಒಂದು ಆಡು, "ಒಂದು ಕೊಂಬು ಮುರದದ, ಬರೀರಿ." ಒಂದು ಕೌದಿ, "ಹರದದ, ಅದನ್ನೂ ಬರೀರಿ." ಎರಡು ಮಣ್ಣಿನ ಗಡಿಗೆ, ಒಂದು ಹಂಚು. ಹಿತ್ತಾಳೆಯ ತಂಬಿಗೆ ಎಂದು ಬರೆದಾದ ಮೇಲೆ ಕೈ ಅಡ್ಡ ಹಿಡಿದಳು.

"ತಡೀರಿ ರಾಯರ. ತಂಬಗಿ ಬಾಜೂಮನಿಯಾಕಿದು. ಕೊಡೂದು ಅದ. ನಂದಂತ ಬರದ್ರ ಸುಳ್ಳ ಆಗ್ತದ."

ಬರೆದದ್ದನ್ನು ಹೊಡೆದುಹಾಕಿದರೆ ಕಾಗದ ಕೆಡುತ್ತದೆ. ಕಾಗದ ಕೆಡುವುದು ನನಗೆ ಆಗದ ಮಾತು. ಗೊಣಗುತ್ತ ಹೊಸ ಹಾಳೆ ತೆಗೆದುಕೊಂಡು ಮೊದಲಿಂದ ಬರೆದೆ. ಕೊನೆಯಲ್ಲಿ, "ಬೆಳ್ಳಿ, ಬಂಗಾರ?" ಎಂದು ಕೇಳಿದೆ.

ಆಕೆ ನಕ್ಕಳು. ಎರಡೂ ಕೈ ಮುಂದೆ ಚಾಚಿದಳು, ಸೆರಗು ಸರಿಸಿ ಬರಿಗಿವಿ ತೋರಿಸಿದಳು. "ನೀವ ನೋಡ್ರಿ" ಎಂದಳು.

ನಾನು ನೋಡಿದೆ. ಸೆರಗು ಸರಿದಾಗ ಕೊರಳಲ್ಲಿದ್ದ ಶಿವದಾರವನ್ನೂ ನೋಡಿದೆ. ಅದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಲಿಂಗವಂತ ಹೆಣ್ಣುಮಗಳು, ಕೊರಳಲ್ಲಿ ಲಿಂಗ ಇಲ್ಲದಿದ್ದರೆ ತಾನೇ ಆಶ್ಚರ್ಯಪಡಬೇಕಾದದ್ದು? ಬೆಳ್ಳಿ ಬಂಗಾರ ಏನೂ ಇಲ್ಲ ಎಂದು ಉರ್ದುವಿನಲ್ಲಿ ಬರೆದು, ಎಲ್ಲವನ್ನೂ ಕನ್ನಡದಲ್ಲಿ ಓದಿ ಹೇಳಿ, ಆಕೆಯ ಹೆಬ್ಬೆಟ್ಟು ಒತ್ತಿಸಿದೆ. ಕೊಡಲು ಬಂದ ಕಾಸನ್ನು ತೆಗೆದುಕೊಳ್ಳಲಿಲ್ಲ. ಆ ದಿನ ಮನೆಗೆ ಹೋಗಿ ಹೆಂಡತಿಯ ಮುಂದೆ ನನ್ನ ದೊಡ್ಡತನವನ್ನು ಎರಡು ಸಲ ಹೇಳಿಕೊಂಡೆ ಎಂಬುದೂ ನೆನಪಿದೆ.

ಮಳೆಗಾಲ ಹಿಡಿದ ಮೇಲೆ ಪೇಶಿ, ಅಂದರೆ ವಿಚಾರಣೆಯ ದಿನ, ಬಂತು. ಆ ದಿನ ಅದಾಲತ್ತಿನ ದುಭಾಷಿ ರಜೆಯ ಮೇಲಿದ್ದ. ಅರ್ಜಿ ನಾನೇ ಬರೆದಿದ್ದರಿಂದ ಅದಾಲತ್ತಿನ ಕಾಗದ ನೋಡಿಕೊಳ್ಳುವ ಪೇಶ್ಕಾರರು ನನ್ನನ್ನೇ ಒಳಗೆ ಕರೆದರು. ನಾನು ಟೋಪಿ ಸರಿಮಾಡಿಕೊಂಡು, ಉಬ್ಬಿಕೊಂಡೇ ಹೋದೆ. ಹೊರಗಿನ ಚಾಪೆಯವನಿಗೆ ಒಳಗಿನ ಜಮಖಾನೆಯ ಮೇಲೆ ನಿಲ್ಲುವ ಅವಕಾಶ ದಿನಾ ಸಿಗುವುದಿಲ್ಲ.

ಮುನ್ಸಿಫ್ ಸಾಹೇಬರು ಹೈದರಾಬಾದಿನ ಕಡೆಯವರು. ಬಿಳಿ ಗಡ್ಡ, ತೆಳ್ಳಗಿನ ಮೈ, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಮೇಜಿನ ಮೇಲೆ ಮಸಿಕುಡಿಕೆ, ಅದರ ಪಕ್ಕದಲ್ಲಿ ಅವರ ಪಾನಿನ ಪುಟ್ಟ ಬೆಳ್ಳಿಯ ಡಬ್ಬಿ. ಹೆಂಗಸು ಕೈಕಟ್ಟಿ ನಿಂತಿದ್ದಳು. ಹಲಫ್ ಆಯಿತು. ಮುಫ್ಲಿಸ್ ಎಂಬ ಮಾತನ್ನು ನಾನು ಹೇಳಿಕೊಟ್ಟೆ, ಆಕೆ ತೊದಲದೆ, ತಲೆ ತಗ್ಗಿಸದೆ ಹೇಳಿದಳು. ಕೆಲಸ ಆದಂತೆಯೇ ಎಂದುಕೊಂಡೆ.

ಆಗ ಮೈದುನನ ವಕೀಲ ಎದ್ದ. ಹರೆಯದವ, ಹೊಸ ಶೇರವಾನಿ. ಪಟ್ಟಿಯಲ್ಲಿ ಬೆಳ್ಳಿ ಇಲ್ಲವೆಂದಿದೆ, ಆದರೆ ಈ ಹೆಂಗಸಿನ ಸೆರಗಿನ ಕೆಳಗೆ ಬೆಳ್ಳಿ ಇದೆ, ಅದಾಲತ್ತಿಗೆ ಮೋಸವಾಗಿದೆ, ಅರ್ಜಿ ವಜಾ ಮಾಡಬೇಕು ಎಂದ. ಮೈದುನ ಹಿಂದೆ ನಿಂತು ಮೀಸೆ ತಿರುವುತ್ತಿದ್ದ. ಅತ್ತಿಗೆಯ ಕೊರಳಲ್ಲಿ ಏನಿದೆ ಎಂದು ಮನೆಯವನಿಗೆ ಗೊತ್ತಿರದೇ ಇರುತ್ತದೆಯೆ?

ಸಾಹೇಬರು ನನ್ನ ಕಡೆ ನೋಡಿದರು. ನಾನು ಆಕೆಯನ್ನು ಕೇಳಿದೆ.

"ಯವ್ವಾ, ಕೊರಳಾಗ ಏನದ?"

"ಲಿಂಗಯ್ಯ ರೀ."

"ಬೆಳ್ಳಿ ಏನರ ಅದ?"

"ಗುಂಡಗಡಗಿ ಬೆಳ್ಳೀದ್ರಿ. ಒಳಗ ಲಿಂಗಯ್ಯ ಅದಾನ." ಸೆರಗಿನ ಒಳಗಿಂದ ತೆಗೆದು ತೋರಿಸಿದಳು. ಸವೆದು ನುಣುಪಾದ ಬೆಳ್ಳಿಯ ಗುಂಡಗಡಗಿ, ಒಂದು ದೊಡ್ಡ ನೆಲ್ಲಿಕಾಯಿಯಷ್ಟು.

"ಮತ್ತ ಪಟ್ಟಿಯಾಗ ಯಾಕ ಬರಸಲಿಲ್ಲ?"

ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನನ್ನನ್ನು ನೋಡಿದಳು, ಸಾಹೇಬರನ್ನು ನೋಡಿದಳು. "ನೀವು ಸಾಮಾನು ಕೇಳಿದ್ರಿ, ಸಾಮಾನು ಹೇಳೀನಿ. ಲಿಂಗಯ್ಯನ್ನ ಯಾರರ ಸಾಮಾನಿನಾಗ ಬರಸ್ತಾರೇನ್ರಿ ರಾಯರ? ನಾ ಸತ್ರ ನನ್ನ ಸಂಗಾಟ ಮಣ್ಣಿಗಿ ಬರಾಂವ ಅಂವ."

ನಾನು ಅದನ್ನು ಉರ್ದುವಿಗೆ ತಿರುಗಿಸಿ ಹೇಳಿದೆ. ಸಾಹೇಬರು ಲೇಖನಿ ಎತ್ತಿ ಹಿಡಿದುಕೊಂಡೇ ಕೇಳಿದರು. ಆಮೇಲೆ ಬಹಳ ಮೆತ್ತಗೆ ನನ್ನನ್ನೇ ಕೇಳಿದರು: ಇದು ಜೇವರ್ ಏನು, ಇಬಾದತ್ತಿನದೇನು? ಒಡವೆಯೋ, ಪೂಜೆಯದೋ?

ಆ ಪ್ರಶ್ನೆಯನ್ನು ನಾನು ಈಗಲೂ ಕೇಳಿಸಿಕೊಳ್ಳುತ್ತೇನೆ. ಅವರು ಬಾಗಿಲು ತೆರೆದು ನಿಂತಿದ್ದರು. ಇಬಾದತ್ತಿನದು ಹುಜೂರ್ ಎಂದು ಒಂದು ಮಾತು ಅಂದಿದ್ದರೆ ಸಾಕಾಗಿತ್ತು. ಆದರೆ ಅಷ್ಟರಲ್ಲಿ ವಕೀಲ ನಡುವೆ ಬಾಯಿ ಹಾಕಿದ. ಲಿಂಗ ಪೂಜೆಯದಿರಬಹುದು, ಮೇಲಿನ ಬೆಳ್ಳಿ ಒಡವೆಯೇ, ಬಡವರು ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಳ್ಳುವುದಿಲ್ಲವೆ ಎಂದ. ನನಗೆ ಸಿಟ್ಟು ನೆತ್ತಿಗೇರಿತು. ಈ ಪೋರನ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಒಡವೆ ಅಲ್ಲ ಎಂದು ತೋರಿಸಿಬಿಟ್ಟರೆ ಇವನ ಆಟ ಮುಗಿಯಿತು ಎಂದುಕೊಂಡೆ. ಸಾಹೇಬರ ಮೇಜಿನ ಮೇಲಿನ ಪಾನಿನ ಡಬ್ಬಿ ಕಣ್ಣಿಗೆ ಬಿತ್ತು, ಮಾತು ನಾಲಿಗೆಗೆ ತಾನಾಗಿ ಬಂತು.

"ಹುಜೂರ್, ಜೇವರ್ ಅಲ್ಲವೇ ಅಲ್ಲ. ಚಾಂದಿ ಕೀ ಡಿಬಿಯಾ, ಅಷ್ಟೇ."

ಬೆಳ್ಳಿಯ ಡಬ್ಬಿ. ಸಾಹೇಬರು ಆ ಮಾತನ್ನು ತಮ್ಮಷ್ಟಕ್ಕೆ ಒಂದು ಸಲ ಅಂದುಕೊಂಡರು. ತಮ್ಮ ಡಬ್ಬಿಯ ಕಡೆಗೂ ಒಂದು ಸಲ ನೋಡಿದರೇನೋ. ಡಬ್ಬಿ ಎಂದ ಮೇಲೆ ಅದೂ ಒಂದು ವಸ್ತುವೇ, ಪಟ್ಟಿಗೆ ಸೇರಬೇಕು ಎಂದರು. ಬೇಕೆಂದು ಬಚ್ಚಿಟ್ಟದ್ದಲ್ಲವೆಂದು ಕಾಣುತ್ತದೆ, ಅದಕ್ಕೆ ಅರ್ಜಿ ವಜಾ ಮಾಡುವುದಿಲ್ಲ. ಆದರೆ ಡಬ್ಬಿಯನ್ನು ತೂಗಿಸಿಕೊಂಡು ಬನ್ನಿ, ಸ್ಟಾಂಪಿಗೆ ಸಾಲುವಷ್ಟಿದ್ದರೆ ಮಾಫಿ ಇಲ್ಲ ಎಂದು ಬರೆದರು. ವಕೀಲ ನನ್ನ ಕಡೆ ನೋಡಿ ಸಣ್ಣಗೆ ನಕ್ಕ.

ಹೊರಗೆ ಪಡಸಾಲೆಗೆ ಬಂದೆವು. ಆಕೆ ಕೇಳಿದಳು, "ರಾಯರ, ನೀವು ಏನಂದ್ರಿ?"

"ಡಬ್ಬಿ ಅಂದೆ."

"ಡಬ್ಬಿ" ಎಂದಳು.

ತೂಗಿಸಬೇಕಾದರೆ ಅದನ್ನು ಬಿಚ್ಚಬೇಕು. ಆಕೆ ಗೋಡೆಯ ಕಡೆ ಮುಖ ಮಾಡಿ ಕೂತಳು. ಸೆರಗಿನ ಅಂಚು ಹರಿದಳು. ಆ ಸದ್ದು ನನಗೆ ಕೇಳಿಸಿತು. ಬೆನ್ನು ಮಾತ್ರ ಕಾಣುತ್ತಿತ್ತು. ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡಿರಬೇಕು, ಸ್ವಲ್ಪ ಹೊತ್ತು ತಲೆ ಬಾಗಿಸಿಯೇ ಇದ್ದಳು. ಆಮೇಲೆ ಅರಿವೆಯಲ್ಲಿ ಸುತ್ತಿ, ಅದೇ ದಾರಕ್ಕೆ ಕಟ್ಟಿ, ಕೊರಳಿಗೆ ಹಾಕಿಕೊಂಡು ಎದ್ದಳು. ಖಾಲಿ ಗುಂಡಗಡಗಿಯನ್ನು ನನ್ನ ಕೈಗೆ ಕೊಟ್ಟಳು. ಇನ್ನೂ ಬೆಚ್ಚಗಿತ್ತು. ನನಗೆ ಬಹಳ ನಾಚಿಕೆಯಾಯಿತು.

ಚಪರಾಸಿಯ ಜೊತೆ ಊರೊಳಗಿನ ಜಗತ್ ಓಣಿಯ ಒಬ್ಬ ಅಕ್ಕಸಾಲಿಯ ಹತ್ತಿರ ಹೋದೆ. ಅವನು ತಕ್ಕಡಿಯಲ್ಲಿ ಹಾಕಿ, ಉಜ್ಜಿ, ಹಳೆಯ ಬೆಳ್ಳಿ, ಒಳ್ಳೆಯ ಬೆಳ್ಳಿ ಎಂದ. ಸ್ಟಾಂಪಿನ ಅರ್ಧಕ್ಕೂ ಬರಲಿಲ್ಲ. ಅಲ್ಲಿಂದ ನಾನು ಓಡುತ್ತಲೇ ಬಂದೆ, ಆ ವಯಸ್ಸಿನಲ್ಲಿ, ಧೋತರ ಎತ್ತಿ ಹಿಡಿದು. ಮಧ್ಯಾಹ್ನದ ಹೊತ್ತಿಗೆ ಅದಾಲತ್ತಿನ ಹುಕುಂ ಆಯಿತು: ಮುಫ್ಲಿಸಿ ಮಂಜೂರು, ಸ್ಟಾಂಪು ಮಾಫಿ, ದಾವೆ ನಡೆಯಲಿ. ಅದಕ್ಕೆ ಮೊದಲು ಪಟ್ಟಿ ತಿದ್ದಬೇಕಿತ್ತು. ಪಟ್ಟಿಯ ಕೊನೆಗೆ, ಉಳಿದ ಜಾಗದಲ್ಲಿ, ನಾನು ಉರ್ದುವಿನಲ್ಲಿ ಬರೆದೆ: ಬೆಳ್ಳಿಯ ಡಬ್ಬಿ, ಒಂದು. ಆಕೆ ಅದರ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿದಳು. ಪೇಶ್ಕಾರರು ಕಾಗದ ಎತ್ತಿ ನೋಡಿ ನನ್ನ ಅಕ್ಷರವನ್ನು ಹೊಗಳಿದರು.

ಗುಂಡಗಡಗಿಯನ್ನು ತಿರುಗಿ ಕೊಟ್ಟೆ. ಆಕೆ ಅದನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ, ಸೊಂಟದ ಸಂಚಿಗೆ ಇಳಿಸಿದಳು.

"ಈಗ ಹಾಕ್ಕೋಬಹುದು ಯವ್ವಾ. ಕೆಲಸ ಮುಗೀತು. ತ್ವಾಟದ ದಾವೆ ಶುರು ಆತು" ಎಂದೆ.

"ಇಲ್ರಿ."

"ಯಾಕ?"

"ಸಾಮಾನು ಅಂತ ಬರದೀರಿ. ನಾ ಹೆಬ್ಬಟ್ಟು ಒತ್ತೀನಿ. ಇನ್ನ ಅದು ಸಾಮಾನ ಆತಲ್ರಿ. ಸಾಮಾನಿನಾಗ ಲಿಂಗಯ್ಯನ್ನ ಹೆಂಗ ಇಡ್ಲಿ?"

"ಹುಚ್ಚಿ ಇದ್ದಂಗ ಮಾತಾಡಬ್ಯಾಡ. ಅದು ಕೋರ್ಟಿನ ಸಲುವಾಗಿ ಬರದಿದ್ದು."

"ಕೋರ್ಟಿಗಿ ಒಂದು, ದೇವರಿಗಿ ಒಂದು ಆಡಾಕ ನನಗ ಬರಂಗಿಲ್ರಿ ರಾಯರ."

ನಾನು ಬೈದೆ. ತಪ್ಪು ನನ್ನದಿದ್ದಾಗ ನನ್ನ ಬೈಗುಳ ಜೋರು. ಆಕೆ ಎಲ್ಲ ಕೇಳಿಸಿಕೊಂಡಳು, ಸಿಟ್ಟಿಗೇಳಲಿಲ್ಲ. ಹೋಗುವ ಮುಂಚೆ ಒಂದು ಮಾತು ಹೇಳಿದಳು: ಅದು ಆಕೆಯ ತಾಯಿ ತನ್ನ ಕಾಲಿನ ಕಡಗ ಕರಗಿಸಿ ಮಗಳಿಗಾಗಿ ಮಾಡಿಸಿದ್ದಂತೆ. ಬುದ್ಧಿ ಬಂದಾಗಿನಿಂದ ಮೈಮೇಲಿಂದ ಇಳಿದಿರಲಿಲ್ಲವಂತೆ. ದೂರು ಹೇಳಿದಂತೆ ಹೇಳಲಿಲ್ಲ, ಸುಮ್ಮನೆ ಹೇಳಿದಳು. ನಂತರ ಚಕ್ಕಡಿ ಹುಡುಕುತ್ತ ಹೋದಳು.

ಮನೆಯಲ್ಲಿ ಹೆಂಡತಿಗೆ ನಡೆದದ್ದನ್ನು ಹೇಳಿದೆ. ಹೇಳುವಾಗ ವಕೀಲನನ್ನೂ ಆ ಹೆಂಗಸಿನ ಹಟವನ್ನೂ ಮುಂದೆ ಮಾಡಿ, ನನ್ನ ಡಬ್ಬಿಯನ್ನು ಆದಷ್ಟು ಹಿಂದೆ ಸರಿಸಿ ಹೇಳಿದೆ. ಹೆಂಡತಿ ತಾಟಿಗೆ ಬಿಸಿ ರೊಟ್ಟಿ ಹಾಕುತ್ತ ನನ್ನ ಹೆಗಲ ಕಡೆ ನೋಡಿದಳು.

"ನಿಮ್ಮ ಜನಿವಾರ ಕೇಳಿದ್ರ ಏನಂತಿದ್ರಿ? ನೂಲಿನ ದಾರ, ಒಂದು ಅಂತಿದ್ರೇನು?"

ನಾನು ರೊಟ್ಟಿ ಬಿಟ್ಟು ಎದ್ದೆ. ಆಕೆ ಕರೆಯಲೂ ಇಲ್ಲ. ಹಸಿವು ತಡೆಯದೆ ನಾನೇ ಬಂದು ಕೂತೆ.

ದಾವೆ ಬಹಳ ದಿನ ನಡೆಯಿತು. ಪ್ರತಿ ಪೇಶಿಗೂ ಆ ಹೆಂಗಸು ಬರುತ್ತಿದ್ದಳು. ಬೇವಿನ ಕೆಳಗೆ ಬಂದು "ಆರಾಮ ಅದೀರೇನ್ರಿ ರಾಯರ" ಎಂದು ವಿಚಾರಿಸಿಯೇ ಒಳಗೆ ಹೋಗುತ್ತಿದ್ದಳು. ನಾನು ಪ್ರತಿ ಸಲವೂ ಮೊದಲು ಕೊರಳನ್ನೇ ನೋಡುತ್ತಿದ್ದೆ. ಅರಿವೆಯ ಪುಟ್ಟ ಗಂಟು. ಒಗೆದು ಒಗೆದು ಬಿಳುಪಾಗಿರುತ್ತಿತ್ತು. ತಪ್ಪಾಯಿತು ಎನ್ನಬೇಕೆಂದು ಪ್ರತಿ ಸಲವೂ ಅಂದುಕೊಂಡೆ. ಬಾಯಿಗೆ ಬರುತ್ತಿದ್ದದ್ದು ಪೇಶಿಯ ತಾರೀಖು, ಬಿಸಿಲು, ಮಳೆ. ನಾಲ್ಕು ಜನರ ಗೋಳನ್ನು ಸೊಗಸಾಗಿ ಬರೆಯುವವನಿಗೆ ತನ್ನ ಒಂದು ಮಾತು ಹೇಳಲು ಆಗಲಿಲ್ಲ. ಕೊನೆಗೂ ತೋಟ ಆಕೆಯದೆಂದು ತೀರ್ಪಾಯಿತು. ಮೈದುನ ಬೇಲಿ ಕಿತ್ತ.

ಅದಾಗಿ ಎರಡು ವರ್ಷಕ್ಕೆ, ಹುಮನಾಬಾದಿನ ಕಡೆ ಬೀಗರ ಮನೆಯ ಮದುವೆಗೆ ಹೊರಟವನು ದಾರಿಯಲ್ಲಿ ಕಮಲಾಪುರದಲ್ಲಿ ಇಳಿದೆ. ಹೆಂಡತಿಯೇ ಇಳಿಸಿದಳು ಎಂದರೆ ಸರಿ. ತಾನು ಚಕ್ಕಡಿಯಲ್ಲೇ ಕೂತು, ಹೋಗಿ ಬರ್ರಿ ಎಂದಳು.

ಬೆಳಗಿನ ಹೊತ್ತು. ತೋಟದಲ್ಲಿ ನೀರು ಹಾಯುತ್ತಿತ್ತು. ಕೆಂಗಂದು ದಿಂಡಿನ ಬಾಳೆಗಿಡಗಳು, ಬಾವಿಯ ಕಟ್ಟೆ, ಪಕ್ಕದಲ್ಲೊಂದು ಹೊಸ ಗುಡಿಸಲು. ಅದರ ಮುಂದೆ ಒಂದು ಕೊಂಬು ಮುರಿದ ಆಡು. ಪಟ್ಟಿಯಲ್ಲಿ ನಾನೇ ಬರೆದದ್ದು, ಗುರುತು ಹಿಡಿದೆ. ಆಕೆ ಕೈಯ ಕೆಸರು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ಕಂಬಳಿ ಹಾಸಿ ಕೂಡಿಸಿದಳು. ಆಕೆಯ ಮುಖ ತುಂಬಿಕೊಂಡಿತ್ತು, ನಡಿಗೆಯಲ್ಲಿ ಮನೆಯೊಡತಿಯ ಗತ್ತು ಬಂದಿತ್ತು. ಕಂಡು ನನಗೆ ನಿಜವಾಗಿ ಸಂತೋಷವಾಯಿತು. ಕೊರಳಲ್ಲಿ ಅದೇ ಅರಿವೆಯ ಗಂಟು.

ಹಣ್ಣು ಕೊಟ್ಟಳು, ತಿಂದೆ. ತೋಟದ ಮಾತಾಡಿದೆವು. ಆಮೇಲೆ ಆಕೆ ಸಂಚಿ ಬಿಚ್ಚಿ ಎಲೆ ತೆಗೆದು, ನೀರು ಒರೆಸಿ, ತೊಟ್ಟು ಮುರಿದಳು. ಅಡಿಕೆ ತೆಗೆದಳು. ಸುಣ್ಣಕ್ಕಾಗಿ ಮತ್ತೆ ಸಂಚಿಯಲ್ಲಿ ಕೈ ಹಾಕಿ, ಆ ಗುಂಡಗಡಗಿಯನ್ನು ತೆಗೆದು ಮುಚ್ಚಳ ತಿರುವಿದಳು. ಅಂಚಿಗೆಲ್ಲ ಸುಣ್ಣ ಮೆತ್ತಿತ್ತು. ಬೆರಳ ತುದಿಯಲ್ಲಿ ತೆಗೆದು ಎಲೆಗೆ ಸವರತೊಡಗಿದಳು.

ನಾನು ನೋಡುತ್ತಿದ್ದುದನ್ನು ನೋಡಿದಳು.

"ಡಬ್ಬಿ ಅಲ್ಲೇನ್ರಿ" ಎಂದಳು. "ಡಬ್ಬಿಗಿ ಏನರ ಕೆಲಸ ಬೇಕಲ್ಲ."

ಕೊಂಕಿರಲಿಲ್ಲ. ಕೊಂಕಿದ್ದರೆ ನನಗೆ ಹಗುರಾಗುತ್ತಿತ್ತು.

"ತಪ್ಪು ನಂದು ಯವ್ವಾ" ಎಂದೆ. ಅಷ್ಟು ವರ್ಷ ಬಾರದ ಮಾತು ಆಗ ಬಂತು. "ಸಾಹೇಬ್ರು ಕೇಳಿದ್ರು, ದೇವರದೇನು ಅಂತ. ಹೂಂ ಅಂದಿದ್ರ ಆಗ್ತಿತ್ತು. ನಾ ಶ್ಯಾಣ್ಯಾತನ ಮಾಡೀನಿ."

ಆಕೆಯ ಬೆರಳು ಎಲೆಯ ಮೇಲೆ ನಿಂತಿತು. ಅದು ಆಕೆಗೆ ಈ ತನಕ ಗೊತ್ತಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು. ಒಳಗೆ ನಡೆದದ್ದೆಲ್ಲ ಉರ್ದುವಿನಲ್ಲಿ. ಆಕೆಗೆ ಗೊತ್ತಿದ್ದದ್ದು ನಾನು ಹೇಳಿದ ಆ ಒಂದೇ ಮಾತು. ನನ್ನಿಂದ ಡಬ್ಬಿ ಎನ್ನಿಸಿದ್ದು ಸರಕಾರ, ನಾನು ಬರೀ ಬಾಯಿ ಎಂದು ಆಕೆ ತಿಳಿದಿದ್ದಳು.

ಬಾಳೆಯ ಬುಡಕ್ಕೆ ನೀರು ಹೋಗುವ ಸದ್ದು ಕೇಳುತ್ತಿತ್ತು. ಆಕೆ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಒಂದು ಸಲ ತಿರುಗಿಸಿ ನೋಡಿದಳು. ಆಮೇಲೆ ಮುಚ್ಚಳ ಹಾಕಿ ಸಂಚಿಗೆ ಇಳಿಸಿದಳು. ಎಲೆ ಮಡಿಚಿ ನನ್ನ ಕಡೆ ಚಾಚಿದಳು.

"ತಗೋರಿ ರಾಯರ" ಎಂದಳು. "ಸುಣ್ಣ ಸಾಕೇನು ನೋಡ್ರಿ."

ಎಲೆ ಬಾಯಿಗಿಟ್ಟುಕೊಂಡೆ. ಸಾಕು ಎಂದೆ.